ಮುರಕಲ್ಲಿನ ಸುರಂಗ, ಹಾಳೆಯ ಬಿಳಿ

ಸಾಂಕೇತಿಕ ಚಿತ್ರವೆಂದರೆ ಮೊದಲು ಒಂದು ಅರ್ಥವನ್ನು ಗೊತ್ತು ಮಾಡಿಕೊಂಡು, ಆಮೇಲೆ ಆ ಅರ್ಥಕ್ಕೆ ಒಪ್ಪುವ ವಸ್ತುವನ್ನು ಹುಡುಕಿ ಬರೆಯುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಶಾಲೆಗಳ ಚಿತ್ರಕಲಾ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ಅದರ ಫಲವನ್ನು ಸಾಲುಸಾಲಾಗಿ ನೋಡುತ್ತೇನೆ: ಶಾಂತಿಗೆ ಪಾರಿವಾಳ, ವಿದ್ಯೆಗೆ ಹಣತೆ, ಪರಿಸರಕ್ಕೆ ಅಂಗೈಯಲ್ಲಿ ಹಿಡಿದ ಸಸಿ. ಮಕ್ಕಳ ಕೈಚಳಕ ಎಷ್ಟೇ ಚೆನ್ನಾಗಿರಲಿ, ಆ ಚಿತ್ರಗಳನ್ನು ಎರಡನೆಯ ಸಲ ನೋಡಬೇಕೆನಿಸುವುದಿಲ್ಲ. ಮೊದಲ ನೋಟದಲ್ಲೇ ಅವು ಹೇಳಬೇಕಾದದ್ದನ್ನು ಹೇಳಿ ಮುಗಿಸಿರುತ್ತವೆ. ಕಳೆದ ಮಳೆಗಾಲದಲ್ಲಿ ಕೈಗೆತ್ತಿಕೊಂಡ ಒಂದು ಜಲವರ್ಣದ ಕೆಲಸದಲ್ಲಿ ಈ ವಿಚಾರವನ್ನು ನಾನು ಬುಡದಿಂದಲೇ ಯೋಚಿಸಬೇಕಾಯಿತು. ಆ ಚಿತ್ರ ಹೇಗೆ ಬೆಳೆಯಿತು, ಸಂಕೇತ ಎನ್ನುವುದು ಅದರೊಳಗೆ ಎಲ್ಲಿಂದ ಬಂತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಚಿತ್ರವನ್ನು ಮೊದಲು ವಿವರಿಸಬೇಕು. ಇಂಪೀರಿಯಲ್ ಹಾಳೆಯ ಅರ್ಧ, ಎಂದರೆ 15 ಇಂಚು ಅಗಲ, 22 ಇಂಚು ಎತ್ತರ, ನಿಲುವಾಗಿ ಇಟ್ಟದ್ದು. ನೋಡುವವನು ನೀರಿಗಾಗಿ ಗುಡ್ಡೆಯೊಳಗೆ ಅಡ್ಡವಾಗಿ ತೋಡಿದ ಒಂದು ಸುರಂಗದ ಒಳಗೆ ನಿಂತು ಹೊರಗಿನ ಕಡೆಗೆ ಮುಖ ಮಾಡಿದ್ದಾನೆ. ಎರಡೂ ಬದಿಯಲ್ಲಿ ಮತ್ತು ತಲೆಯ ಮೇಲೆ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಕೆಂಗಪ್ಪು ಗೋಡೆ. ನೆಲದಲ್ಲಿ ಸಪೂರವಾದ ನೀರಿನ ಎಳೆಯೊಂದು ಅವನ ಕಾಲಬುಡದಿಂದ ಹೊರಟು ಬಾಯಿಯ ಕಡೆಗೆ ಹರಿಯುತ್ತದೆ. ಹಾಳೆಯ ನಡುವಿಗಿಂತ ತುಸು ಮೇಲೆ, ಎಡಕ್ಕೆ ಸರಿದು, ಸುರಂಗದ ಬಾಯಿ. ಆ ಬಾಯಿಯಲ್ಲಿ ಬಣ್ಣವಿಲ್ಲ, ಬರಿಯ ಕಾಗದ. ಬಲಗೋಡೆಯಲ್ಲಿ ಮೇಣದಬತ್ತಿ ಇಡಲು ಕೊರೆದ ಸಣ್ಣ ಗೂಡು, ಅದರ ಮೇಲೆ ನಾಲಗೆಯ ಆಕಾರದ ಮಸಿ. ಮನುಷ್ಯರಿಲ್ಲ, ಅಕ್ಷರಗಳಿಲ್ಲ, ಇಂಥ ಊರು ಎಂದು ತಿಳಿಸುವ ಗುರುತೂ ಇಲ್ಲ.

ಇದಕ್ಕೆ ಕಾರಣವಾದದ್ದು ನಮ್ಮ ಕಾಸರಗೋಡಿನ ಕಡೆಯ ಒಂದು ಕನ್ನಡ ವಾಚನಾಲಯದವರ ಕೋರಿಕೆ. ಅಲ್ಲಿ ಮಂಜೇಶ್ವರ ಗೋವಿಂದ ಪೈ ಮತ್ತು ಕಯ್ಯಾರ ಕಿಞ್ಞಣ್ಣ ರೈಗಳ ಭಾವಚಿತ್ರಗಳ ನಡುವೆ ಗೋಡೆಯಲ್ಲಿ ಸ್ವಲ್ಪ ಜಾಗ ಖಾಲಿಯಿತ್ತು. ಅಲ್ಲಿಗೆ ಗಡಿನಾಡ ಕನ್ನಡದ ಬಗ್ಗೆ ಒಂದು ಚಿತ್ರ ಬೇಕು, ನೇರವಾಗಿ ಬೇಡ, ಸಾಂಕೇತಿಕವಾಗಿರಲಿ ಎಂದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು, ಅದು ಜಾರಿಗೆ ಬಾರದೆ ಉಳಿದದ್ದು, ಇವೆಲ್ಲ ಇಲ್ಲಿನ ಕನ್ನಡಿಗರಿಗೆ ಮನೆಮಾತಿನಷ್ಟೇ ಪರಿಚಿತ. ಅದಕ್ಕೊಂದು ಚಿತ್ರಭಾಷೆಯೂ ತಯಾರಾಗಿಯೇ ಇದೆ: ಹರಿದ ಭೂಪಟ, ಮುಳ್ಳುತಂತಿ, ಹೊಳೆಯ ಆಚೆ ದಡದಿಂದ ಭುವನೇಶ್ವರಿಯ ಕಡೆಗೆ ಕೈ ಚಾಚಿದ ಮಗು, ಹಳದಿ ಕೆಂಪಿನ ಹಿನ್ನೆಲೆ. ನಾನೂ ಪೆನ್ಸಿಲಿನಲ್ಲಿ ಇಂಥ ಚಿಕ್ಕ ಚಿಕ್ಕ ಕರಡುಗಳನ್ನು ಗೀಚಿದೆ. ಬರೆಯುವುದು ಸುಲಭವಾಗಿತ್ತು, ಆ ಸುಲಭತೆಯೇ ಅನುಮಾನ ಹುಟ್ಟಿಸಿತು. ಆ ಭೂಪಟದ ಜಾಗದಲ್ಲಿ ಬೆಳಗಾವಿಯದನ್ನೋ ಅಕ್ಕಲಕೋಟೆಯದನ್ನೋ ಇಟ್ಟರೂ ಚಿತ್ರ ಹಾಗೆಯೇ ಉಳಿಯುತ್ತಿತ್ತು. ಎಲ್ಲಿಗೆ ಬೇಕಾದರೂ ಹೊಂದುವ ಸಂಕೇತಕ್ಕೆ ಯಾವ ಊರಿನ ಋಣವೂ ಇರುವುದಿಲ್ಲ.

ಸಿದ್ಧ ಸಂಕೇತಗಳನ್ನು ಬಳಸಿಯೂ ಒಳ್ಳೆಯ ಜಲವರ್ಣ ಆಗಬಾರದೆಂದೇನೂ ಇಲ್ಲ. ಈ ದೇಶದಲ್ಲಿ ಅತ್ಯಂತ ಹೆಸರಾದ ಸಾಂಕೇತಿಕ ಜಲವರ್ಣ ಅವನೀಂದ್ರನಾಥ ಟಾಗೋರರು 1905ರಲ್ಲಿ, ಬಂಗಾಳದ ವಿಭಜನೆಯ ಹೊತ್ತಿಗೆ, ಬರೆದ ಭಾರತಮಾತೆಯ ಚಿತ್ರ. ನಾಲ್ಕು ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಬಿಳಿಯ ಬಟ್ಟೆ, ಜಪಮಾಲೆ. ಪಟ್ಟಿ ಓದಿದರೆ ಇದಕ್ಕಿಂತ ನೇರವಾದ ಸಂಕೇತಗಳು ಬೇರೆ ಇರಲಾರವು. ಆದರೆ ಚಿತ್ರದ ಮುಂದೆ ನಿಂತವನಿಗೆ ಮೊದಲು ಕಾಣುವುದು ಆ ಪಟ್ಟಿಯಲ್ಲ, ಕಾವಿಯ ಉಡುಗೆಯುಟ್ಟು ಬರಿಗಾಲಲ್ಲಿ ನಿಂತ ಒಬ್ಬ ಶಾಂತ ಹೆಂಗಸು. ಬಣ್ಣ ಹಚ್ಚಿದ ಹಾಳೆಯನ್ನು ಮತ್ತೆ ಮತ್ತೆ ನೀರಿನಲ್ಲಿ ತೋಯಿಸಿ ತೊಳೆಯುವ ವಾಶ್ ಪದ್ಧತಿಯನ್ನು ಅವನೀಂದ್ರರು ಆ ಕಾಲದಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನೀ ಕಲಾವಿದರ ಒಡನಾಟದಲ್ಲಿ ರೂಢಿಸಿಕೊಂಡರು. ಆ ತೊಳೆತದಿಂದ ಅಂಚುಗಳೆಲ್ಲ ಮಸುಕಾಗಿ, ಆಕೆ ಮಂಜಿನೊಳಗಿಂದ ಮೂಡಿ ಬಂದಂತೆ ತೋರುತ್ತಾಳೆ. ತಂತ್ರವನ್ನು ತೆಗೆದು ನಾಲ್ಕು ವಸ್ತುಗಳನ್ನಷ್ಟೇ ಉಳಿಸಿದರೆ ಕ್ಯಾಲೆಂಡರಿನ ಚಿತ್ರವಾದೀತು. ಅಲ್ಲಿ ಅರ್ಥದ ಭಾರವನ್ನು ಹೊತ್ತದ್ದು ಕೈಯಲ್ಲಿರುವ ವಸ್ತುಗಳಿಗಿಂತ ಹೆಚ್ಚಾಗಿ ನೀರು ಎಂದೇ ನನ್ನ ಭಾವನೆ. ಅವನೀಂದ್ರರ ಶಿಷ್ಯರಾಗಿದ್ದ ನಮ್ಮ ಕೆ. ವೆಂಕಟಪ್ಪನವರು (1886–1965) ಊಟಿ ಮತ್ತು ಕೊಡೈಕೆನಾಲಿನ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದಾಗ ದೇವಿಯೂ ಇಲ್ಲ, ತೆನೆಯೂ ಇಲ್ಲ, ಬರಿಯ ಬೆಟ್ಟ ಮತ್ತು ಗಾಳಿಯ ತೇವ. ಆದರೂ ಬೆಂಗಳೂರಿನಲ್ಲಿ ಅವುಗಳ ಎದುರು ನಿಂತಾಗ ಬೆಟ್ಟಕ್ಕಿಂತ ಹೆಚ್ಚಿನದೇನನ್ನೋ ನೋಡುತ್ತಿದ್ದೇನೆ ಎಂದು ನನಗನಿಸಿದ್ದುಂಟು.

ಸುರಂಗದ ಯೋಚನೆ ಬಂದದ್ದು ಕರಡುಗಳನ್ನೆಲ್ಲ ಬದಿಗಿಟ್ಟ ಮೇಲೆ. ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕದ ಕಡೆ ಗುಡ್ಡೆಯ ಬುಡದಲ್ಲಿ ಮನೆ ಮಾಡಿ ಅಡಿಕೆ ತೋಟ ಎಬ್ಬಿಸಿದವರಿಗೆ ಸುರಂಗ ಏನೆಂದು ಹೇಳಬೇಕಾಗಿಲ್ಲ; ಘಟ್ಟದ ಮೇಲಿನವರಿಗೆ ಹೇಳಬೇಕು. ಬಾವಿಯನ್ನು ಕೆಳಮುಖವಾಗಿ ತೋಡುತ್ತಾರೆ, ಸುರಂಗವನ್ನು ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ ತೋಡುತ್ತಾರೆ. ನಮ್ಮ ಗುಡ್ಡೆಗಳ ಮೇಲ್ಪದರ ಮುರಕಲ್ಲು. ಅದು ತೂತುತೂತಾದ ಕಲ್ಲು, ಮಳೆಯ ನೀರು ಅದರೊಳಗೆ ಇಳಿಯುತ್ತದೆ. ಕೆಳಗೆ ಜೇಡಿಮಣ್ಣಿನ ಪದರ ಸಿಕ್ಕಿದಾಗ ಮುಂದೆ ಇಳಿಯಲಾರದೆ ಅಲ್ಲೇ ನಿಂತು ಬದಿಗೆ ಜಿನುಗುತ್ತದೆ. ತೋಡುವವನು ಗುಡ್ಡೆಯ ಇಳಿಜಾರನ್ನೂ ಅಲ್ಲಿ ಬೆಳೆದ ಗಿಡಮರಗಳನ್ನೂ ನೋಡಿ ಜಾಗ ಗುರುತಿಸಿ, ಒಬ್ಬ ಮನುಷ್ಯ ಹೋಗಿ ಬರುವಷ್ಟು ಅಗಲಕ್ಕೆ ಪಿಕ್ಕಾಸಿನಿಂದ ಕಡಿಯುತ್ತ ಆ ಜಿನುಗನ್ನು ಹುಡುಕಿಕೊಂಡು ಹೋಗುತ್ತಾನೆ. ಮಣ್ಣನ್ನು ಇನ್ನೊಬ್ಬ ಬುಟ್ಟಿಯಲ್ಲಿ ಹೊರಗೆ ಹಾಕುತ್ತಾನೆ. ನೆಲ ಬಾಯಿಯ ಕಡೆಗೆ ತುಸು ಓಟವಾಗಿದ್ದರಾಯಿತು, ನೀರು ತಾನಾಗಿ ಹೊರಗೆ ಬಂದು ಕೆರೆಗೆ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಹಿಂದೆ ಅಲ್ಲಿಂದ ಮನೆಯಂಗಳಕ್ಕೆ ಅಡಿಕೆಮರವನ್ನು ಸೀಳಿ ತೋಡಿದ ದಂಬೆಯಲ್ಲಿ ನೀರು ತರುತ್ತಿದ್ದರು, ಈಗ ಕಪ್ಪು ಪೈಪು. ಒಳಗೆ ಮೇಣದಬತ್ತಿ ಮಂಕಾಯಿತೆಂದರೆ, ಅಥವಾ ಬೆಂಕಿಕಡ್ಡಿ ಹತ್ತಲಿಲ್ಲವೆಂದರೆ ಗಾಳಿ ಸಾಲದೆಂದು ಅರ್ಥ, ಕೆಲಸ ಬಿಟ್ಟು ಹೊರಗೆ ಬರಬೇಕು. ಉದ್ದವಾದ ಸುರಂಗಗಳಿಗೆ ನಡುವೆ ಮೇಲಿನಿಂದ ಗಾಳಿಗುಂಡಿ ಇಳಿಸುವುದೂ ಉಂಟು.

ಇಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಅಷ್ಟು ಸರಿಯಾಗಿ ಹೊಂದುವುದೇ ಒಂದು ಅಪಾಯವಾಗಿತ್ತು. ಹೊರಗೆ ಕಾಣದೆ ಒಳಗೆ ಹರಿಯುವ ನೀರು, ಕತ್ತಲೆಯಲ್ಲಿ ಅದನ್ನು ಹುಡುಕುವ ದುಡಿಮೆ, ಅದರ ಬಲದಿಂದ ಹಸಿರಾಗಿರುವ ತೋಟ. ನೀರು ಎಂದರೆ ಕನ್ನಡ, ಗುಡ್ಡೆ ಎಂದರೆ ಕಾಲ ಎಂದು ಬರೆದುಕೊಂಡರೆ ಭಾಷಣಕ್ಕೆ ಒಳ್ಳೆಯ ಪೀಠಿಕೆಯಾಗುತ್ತದೆ, ಚಿತ್ರ ಅಲ್ಲಿಗೆ ಸತ್ತುಹೋಗುತ್ತದೆ. ಆದ್ದರಿಂದ ಒಂದು ನಿಯಮ ಹಾಕಿಕೊಂಡೆ: ಸುರಂಗವನ್ನು ಸುರಂಗವಾಗಿಯೇ ಬರೆಯಬೇಕು, ಸುರಂಗ ತೋಡುವವನು ನೋಡಿದರೆ ಒಪ್ಪುವ ಹಾಗೆ. ಅದಕ್ಕೆ ಅರ್ಥ ಬರುವುದಿದ್ದರೆ ಅದು ಆ ನಿಜದಿಂದಲೇ ಬರಲಿ, ನಾನು ತಂದು ಹಚ್ಚುವುದು ಬೇಡ.

ಪರಿಚಯದವರೊಬ್ಬರ ತೋಟದ ಸುರಂಗವನ್ನು ಆರಿಸಿಕೊಂಡು, ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಗೆ ಮುಂಚೆ, ನೀರು ತಳ ಹಿಡಿದ ದಿನಗಳಲ್ಲಿ, ಒಳಗೆ ಕುಳಿತು ಕರಡು ತೆಗೆದೆ. ಹೊರಗಿನ ಸೆಕೆಯಿಂದ ಒಳಗೆ ಹೋದವನಿಗೆ ಮೊದಲು ತಂಪು, ಆಮೇಲೆ ಬಾವಲಿಗಳ ವಾಸನೆ, ಕಣ್ಣು ಹೊಂದಿಕೊಂಡ ಮೇಲೆ ಗೋಡೆ. ಕತ್ತಲೆ ಎಂದರೆ ಕಪ್ಪು ಎಂದು ಹೊರಗಿದ್ದಾಗ ಅನಿಸುತ್ತದೆ. ಒಳಗೆ ಕುಳಿತರೆ ಕಪ್ಪು ಎನ್ನುವುದು ಎಲ್ಲೂ ಕಾಣುವುದಿಲ್ಲ. ಬಾಯಿಯ ಸಮೀಪ ಗೋಡೆ ಇಟ್ಟಿಗೆಯ ಕೆಂಪು, ಹತ್ತು ಹೆಜ್ಜೆ ಒಳಗೆ ಕಂದು, ಇನ್ನೂ ಒಳಗೆ ನೇರಳೆಯ ಕಡೆಗೆ ವಾಲಿದ ಒಂದು ಬಣ್ಣ, ಅದಕ್ಕೆ ನನ್ನ ಪೆಟ್ಟಿಗೆಯಲ್ಲಿ ಹೆಸರಿಲ್ಲ. ಪಿಕ್ಕಾಸಿನ ಏಟುಗಳು ಗೋಡೆಯ ಮೇಲೆ ಓರೆಯಾಗಿ, ಬಲದಿಂದ ಎಡಕ್ಕೆ ಇಳಿದಿವೆ, ಕಡಿದವನು ಬಲಗೈಯವನಿರಬೇಕು. ಒಂದೊಂದು ಏಟಿನ ಕೆಳತುದಿಯಲ್ಲೂ ಸಾಸಿವೆಯಷ್ಟು ನೀರು ನಿಂತು, ಬಾಯಿಯ ಬೆಳಕನ್ನು ಹಿಡಿದು, ಉದುರುವ ಮೊದಲು ಸ್ವಲ್ಪ ಉದ್ದವಾಗುತ್ತದೆ. ನೆಲದ ನೀರು ಹರಿಯುವುದು ಕಣ್ಣಿಗೆ ಕಾಣಲಿಲ್ಲ. ಒಣಗಿದ ಎಲೆಯ ಚೂರೊಂದನ್ನು ಹಾಕಿ ನೋಡಿದ ಮೇಲೆಯೇ ಅದು ನಿಂತ ನೀರಲ್ಲ ಎಂದು ಖಾತ್ರಿಯಾಯಿತು. ಈ ಎಲ್ಲ ವಿವರಗಳಲ್ಲಿ ಚಿತ್ರಕ್ಕೆ ಹೋದದ್ದು ಕೆಲವೇ, ಆದರೆ ಅಲ್ಲಿ ಕೂತು ನೋಡದಿದ್ದರೆ ಯಾವುದನ್ನು ಬಿಡಬೇಕೆಂದು ತಿಳಿಯುತ್ತಿರಲಿಲ್ಲ.

ಮೊದಲ ತೀರ್ಮಾನ ನಿಂತು ನೋಡುವ ಜಾಗದ್ದು. ಸುರಂಗದ ಫೋಟೋಗಳೆಲ್ಲ ಹೊರಗಿನಿಂದ ತೆಗೆದವು, ಹಸಿರಿನ ನಡುವೆ ಒಂದು ಕಪ್ಪು ತೂತು. ಅದು ಪ್ರವಾಸಿಯ ನೋಟ. ಒಳಗಿನಿಂದ ಹೊರಗೆ ನೋಡುವ ನೋಟ ತೋಡಿದವನದ್ದು, ಇಡೀ ದಿನ ಬೆನ್ನ ಹಿಂದೆ ಬೆಳಕನ್ನಿಟ್ಟುಕೊಂಡು ದುಡಿದು ಸಂಜೆ ತಿರುಗಿದವನದ್ದು. ಹೀಗೆ ತಿರುಗಿಸಿ ಇಟ್ಟ ಕೂಡಲೇ ಚಿತ್ರದ ಎಲ್ಲ ಸಮಸ್ಯೆಗಳೂ ಜಲವರ್ಣದ ಮೂಲ ಸಮಸ್ಯೆಗೆ ಬಂದು ಸೇರಿದವು. ನೀರುಬಣ್ಣವನ್ನು ಪಾರದರ್ಶಕವಾಗಿ ಬಳಸುವವನಿಗೆ ಬಿಳಿಯ ಬಣ್ಣವೆಂಬುದಿಲ್ಲ. ಹಾಳೆಯೇ ಬಿಳಿ, ಹಾಳೆಯೇ ಬೆಳಕು. ಎಲ್ಲಿ ಬೆಳಕು ಬೇಕೋ ಅಲ್ಲಿಗೆ ಕೈ ಹೋಗಬಾರದು. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಮುಳ್ಳುಮುಳ್ಳಾದ ಚಿಟ್ಟಿ ಇಡುವುದನ್ನು ನೋಡಿದವರಿಗೆ ಬಿಳಿ ಎಂದರೆ ಮುಖದ ಮೇಲೆ ಬೆಳೆಸುವ ವಸ್ತು. ಜಲವರ್ಣದಲ್ಲಿ ಅದು ಮೊದಲೇ ಇದೆ, ನಾವು ಮಾಡುವ ಕೆಲಸವೆಲ್ಲ ಅದನ್ನು ಕಳೆಯುವ ಕೆಲಸ, ಒಮ್ಮೆ ಕಳೆದದ್ದು ಪೂರ್ತಿಯಾಗಿ ಮರಳಿ ಬರುವುದಿಲ್ಲ. ಸತುವಿನ ಭಸ್ಮದಿಂದ ಮಾಡಿದ ಚೈನೀಸ್ ವೈಟ್ ಎಂಬ ಬಣ್ಣ 1834ರಿಂದ ಅಂಗಡಿಯಲ್ಲಿ ಸಿಗುತ್ತಿದೆ ನಿಜ. ಅದನ್ನು ಹಚ್ಚಿದರೆ ಸುಣ್ಣ ಬಳಿದ ಬಿಳಿ ಬರುತ್ತದೆ, ಒಳಗಿನಿಂದ ಬರುವ ಬೆಳಕು ಬರುವುದಿಲ್ಲ.

ಸುರಂಗದ ಬಾಯಿಯನ್ನು ಬಿಳಿಯಾಗಿ ಕಾಯ್ದುಕೊಳ್ಳಲು ಮಾಸ್ಕಿಂಗ್ ಫ್ಲೂಯಿಡ್ ಎಂಬ ಸುಲಭದ ದಾರಿ ಇದೆ. ರಬ್ಬರಿನ ಹಾಲಿಗೆ ಅಮೋನಿಯ ಬೆರೆಸಿ ಮಾಡಿದ ಅಂಟು ಅದು. ಬಿಳಿ ಉಳಿಯಬೇಕಾದ ಜಾಗಕ್ಕೆ ಹಚ್ಚಿ ಒಣಗಿಸಿದರೆ ಮೇಲೆ ಎಷ್ಟು ಬಣ್ಣ ಹರಿಸಿದರೂ ಹಾಳೆಗೆ ತಾಗದು, ಕೊನೆಗೆ ಬೆರಳಿನಿಂದ ಉಜ್ಜಿ ಕೀಳಬಹುದು. ನಮ್ಮೂರಿನ ರಬ್ಬರ್ ತೋಟದ ಹಾಲಿಗೂ ಅದೇ ಅಮೋನಿಯ ಹಾಕಿ ಡ್ರಮ್ಮಿನಲ್ಲಿ ತುಂಬುತ್ತಾರೆ, ವಾಸನೆಯೂ ಅದೇ. ಪುಟ್ಟ ಸೀಸೆಗೆ ಕೊಡುವ ದುಡ್ಡನ್ನು ನೋಡಿದರೆ ನಮ್ಮ ಬೆಳೆಗಾರರು ನಗಬೇಕೋ ಅಳಬೇಕೋ ಗೊತ್ತಾಗಲಿಕ್ಕಿಲ್ಲ. ನಾನು ಅದನ್ನು ಬಳಸಲಿಲ್ಲ. ಅದು ಬಿಡುವ ಅಂಚು ಕತ್ತರಿಯಿಂದ ಕತ್ತರಿಸಿದ ಹಾಗಿರುತ್ತದೆ. ಒಳಗೆ ಕುಳಿತು ನೋಡಿದಾಗ ಬಾಯಿಯ ಅಂಚು ಅಷ್ಟು ಖಚಿತವಾಗಿರಲಿಲ್ಲ. ಹೊರಗಿನ ಬೆಳಕು ಕಲ್ಲನ್ನು ತುಸು ತುಸುವೇ ತಿನ್ನುತ್ತಿತ್ತು. ಹಾಗಾಗಿ ಬಾಯಿಯ ಸುತ್ತ ಮೊದಲು ಬರಿಯ ನೀರನ್ನು ಕುಂಚದಿಂದ ಎಳೆದು, ಆ ತೇವದ ಹೊರಗಂಚಿಗೆ ಬಣ್ಣ ಮುಟ್ಟಿಸಿ, ಅದು ತಾನೇ ಎಷ್ಟು ದೂರ ಒಳಗೆ ಬರುತ್ತದೋ ಅಷ್ಟಕ್ಕೆ ಬಿಟ್ಟೆ.

ಬಣ್ಣದ ವಿಷಯದಲ್ಲಿ ಹೆಚ್ಚು ಹುಡುಕಬೇಕಾಗಲಿಲ್ಲ, ಸುರಂಗದ ಬಾಯಲ್ಲೇ ರಾಶಿ ಬಿದ್ದಿತ್ತು. ಮುರಕಲ್ಲಿನ ಕೆಂಪು ಕಬ್ಬಿಣದ ಆಕ್ಸೈಡಿನದ್ದು. ಪೆಟ್ಟಿಗೆಯಲ್ಲಿ ಬರುವ ಬರ್ನ್ಟ್ ಸಿಯೆನಾ, ಲೈಟ್ ರೆಡ್, ಯೆಲ್ಲೋ ಓಕರ್ ಮೊದಲಾದ ಮಣ್ಣಿನ ಬಣ್ಣಗಳೂ ಅದೇ ಕುಲದವು. ಹಳದಿ ಮಣ್ಣನ್ನು ಸುಟ್ಟರೆ ಅದರಲ್ಲಿ ಕೂಡಿಕೊಂಡಿರುವ ನೀರು ಹೋಗಿ ಕೆಂಪಾಗುತ್ತದೆ, ಬರ್ನ್ಟ್ ಸಿಯೆನಾ ಆಗುವುದು ಹೀಗೆಯೇ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಮಲಬಾರಿನ ಅಂಗಾಡಿಪುರಂ ಕಡೆಯ ಈ ಕಲ್ಲನ್ನು ವರ್ಣಿಸುತ್ತ, ನೆಲದೊಳಗಿರುವಾಗ ಕಬ್ಬಿಣದ ಉಪಕರಣದಿಂದ ಸುಲಭವಾಗಿ ಕಡಿಯಲು ಬರುವಷ್ಟು ಮೆದುವಾಗಿದ್ದು ಗಾಳಿಗೆ ಬಂದ ಮೇಲೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆಂದು ದಾಖಲಿಸಿದ್ದಾನೆ. ನಮ್ಮಲ್ಲಿ ಮನೆ ಕಟ್ಟಿಸಿದ ಯಾರೇ ಆದರೂ ಹೇಳುವ ಮಾತು ಇದು. ಸುರಂಗದಿಂದ ತೆಗೆದ ಮಣ್ಣನ್ನು ಬಕೆಟಿನ ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಸಿದು, ಅದು ತಿಳಿಯಾದ ಮೇಲೆ ತಳದ ರಾಡಿಯನ್ನು ಒಣಗಿಸಿದೆ. ಸಿಕ್ಕಿದ ನಯವಾದ ಹುಡಿಯನ್ನು ಗಾಜಿನ ಹಲಗೆಯ ಮೇಲೆ ಗಮ್ ಅರೇಬಿಕ್‌ನ ಅಂಟುನೀರು, ಒಂದು ತೊಟ್ಟು ಜೇನು ಹಾಕಿ ಅರೆದೆ. ಬೂಸ್ಟು ಬಾರದಿರಲು ಲವಂಗದ ಎಣ್ಣೆ. ಹಿಂದೆ ಪುಸ್ತಕ ಅಂಟಿಸಲು ಬಳಸುತ್ತಿದ್ದ ಗೇರುಮರದ ಅಂಟನ್ನೂ ಪ್ರಯತ್ನಿಸಬಹುದಿತ್ತು, ಅದನ್ನು ಇನ್ನೊಂದು ಕೆಲಸಕ್ಕೆ ಇಟ್ಟುಕೊಂಡಿದ್ದೇನೆ.

ಊರ ಮಣ್ಣಿನಿಂದ ಊರ ಚಿತ್ರ ಎಂದು ಇದನ್ನೇ ದೊಡ್ಡ ಸಂಕೇತವೆಂದು ಸಾರುವ ಆಸೆ ಯಾರಿಗಾದರೂ ಬಂದೀತು. ನಾನು ಆ ಮಣ್ಣನ್ನು ಬಳಸಿದ್ದು ಭಾವನೆಗಾಗಿ ಅಲ್ಲ, ಅದರ ನಡತೆಗಾಗಿ. ಮನೆಯಲ್ಲಿ ಅರೆದ ಮಣ್ಣಿನ ಕಣಗಳು ಕಾರ್ಖಾನೆಯ ಬಣ್ಣಕ್ಕಿಂತ ದೊಡ್ಡವು, ಸಮನಾಗಿರುವುದೂ ಇಲ್ಲ. ತರಿತರಿಯಾದ ಹತ್ತಿಯ ಕಾಗದದ ಮೇಲೆ ಧಾರಾಳ ನೀರಿನೊಡನೆ ಹರಿಸಿದರೆ ಅವು ಕಾಗದದ ಗುಳಿಗಳಲ್ಲಿ ಇಳಿದು ಕೂತು, ದಿಬ್ಬಗಳನ್ನು ಬರಿದಾಗಿ ಬಿಡುತ್ತವೆ. ಮುರಕಲ್ಲಿನ ತೂತುತೂತಾದ ಮೈಯನ್ನು ಚುಕ್ಕೆಚುಕ್ಕೆಯಾಗಿ ಬರೆಯಲು ಹೊರಟರೆ ಜನ್ಮ ಸಾಲದು; ಇಲ್ಲಿ ಹಲಗೆಯನ್ನು ಓರೆ ಮಾಡಿ ಹಿಡಿದರೆ ನೀರೇ ಆ ಕೆಲಸ ಮಾಡುತ್ತಿತ್ತು. ಗುಡ್ಡೆಯೊಳಗೆ ನೀರು ಇಳಿದು ನಿಲ್ಲುವ ಕ್ರಮವೂ ಹಾಳೆಯ ಮೇಲೆ ಬಣ್ಣ ಇಳಿದು ನಿಲ್ಲುವ ಕ್ರಮವೂ ಒಂದೇ ಎಂಬುದು ನನಗೆ ಹೊಳೆದದ್ದು ಆಗ. ಮೊದಲೇ ಯೋಚಿಸಿ ಇಟ್ಟುಕೊಂಡ ಯಾವ ಅರ್ಥಕ್ಕಿಂತಲೂ ಅದು ಗಟ್ಟಿಯಾಗಿತ್ತು.

ಕತ್ತಲೆಯನ್ನು ಒಂದೇ ಸಲಕ್ಕೆ ಬರೆಯಲಾಗುವುದಿಲ್ಲ. ಟ್ಯೂಬಿನ ಕಪ್ಪನ್ನು ದಪ್ಪಗೆ ಬಳಿದರೆ ಅದು ಹಾಳೆಯ ಬೆಳಕನ್ನು ಮುಚ್ಚಿ ಸತ್ತ ಕಲೆಯಾಗುತ್ತದೆ. ಮಣ್ಣಿನ ಕೆಂಪಿನ ಮೇಲೆ ಅಲ್ಟ್ರಾಮರೀನ್ ನೀಲಿಯ ತೆಳು ಪದರ, ಅದು ಒಣಗಿದ ಮೇಲೆ ಮತ್ತೆ ಕೆಂಪು, ಮತ್ತೆ ನೀಲಿ. ಕೆಂಪೂ ನೀಲಿಯೂ ಒಂದನ್ನೊಂದು ತಗ್ಗಿಸುತ್ತ ಕಪ್ಪಿನ ಹತ್ತಿರಕ್ಕೆ ಬರುತ್ತವೆ, ಆದರೆ ಒಳಗೆ ಎರಡೂ ಉಸಿರಾಡುತ್ತಿರುತ್ತವೆ. ಪದರ ಪದರದ ನಡುವೆ ಹಾಳೆ ಪೂರ್ತಿ ಒಣಗಲೇಬೇಕು, ಇಲ್ಲದಿದ್ದರೆ ಕೆಳಗಿನದು ಎದ್ದು ರಾಡಿಯಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಒಣಗುವುದೆಂದರೆ ಸುಲಭದ ಮಾತಲ್ಲ. ಬೇಸಗೆಯಲ್ಲಿ ಒಂದು ಲೋಟ ಚಾ ಕುಡಿದು ಬರುವಷ್ಟರಲ್ಲಿ ಒಣಗುವ ಪದರ ಮಳೆಗಾಲದಲ್ಲಿ ಅರ್ಧ ದಿನ ಹಾಗೆಯೇ ಮಿನುಗುತ್ತಿರುತ್ತದೆ. ಮೊದಮೊದಲು ಹೇರ್ ಡ್ರೈಯರ್ ಹಿಡಿಯುತ್ತಿದ್ದೆ. ಬಿಸಿಗಾಳಿ ಹಾಕಿದರೆ ಬಣ್ಣದ ಕಣಗಳು ತಾವು ಕೂರಬೇಕಾದ ಜಾಗಕ್ಕೆ ಹೋಗುವ ಮೊದಲೇ ನೀರು ಆರಿಹೋಗುತ್ತದೆಂದು ಕಂಡ ಮೇಲೆ ಅದನ್ನು ಬದಿಗಿಟ್ಟೆ. ಮಳೆಗಾಲದ ನಿಧಾನವೇ ಈ ಚಿತ್ರಕ್ಕೆ ತಕ್ಕದ್ದಾಗಿತ್ತು.

ಅವನೀಂದ್ರರ ತೊಳೆತವನ್ನು ಒಂದು ಹಂತದಲ್ಲಿ ನಾನೂ ಮಾಡಿದೆ. ಎಡಗೋಡೆ ತೀರಾ ಭಾರವಾಗಿ ಕಂಡಾಗ ಹಾಳೆಯನ್ನು ಹಲಗೆಸಮೇತ ಅಂಗಳಕ್ಕೆ ತಂದು ಸೂರಿನ ನೀರಿಗೆ ಓರೆಯಾಗಿ ಹಿಡಿದೆ. ಇದಕ್ಕೆ 300 ಜಿಎಸ್‌ಎಂನ, ಎಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಹತ್ತಿಯ ಕಾಗದವೇ ಬೇಕು, ಮರದ ತಿರುಳಿನ ಅಗ್ಗದ ಹಾಳೆಯಾದರೆ ಮೈ ಕಿತ್ತು ಬರುತ್ತದೆ. ಥೇಲೋ ನೀಲಿಯಂಥ ಬಣ್ಣ ನಾರಿನೊಳಗೆ ಕಚ್ಚಿಕೊಂಡರೆ ಏನು ಮಾಡಿದರೂ ಬಿಡುವುದಿಲ್ಲ. ಮಣ್ಣಿನ ಬಣ್ಣಗಳು ಮೇಲೆಮೇಲೆ ಕೂತಿರುವುದರಿಂದ ಏಳುತ್ತವೆ. ಕೆಂಪು ತುಸು ಹರಿದುಹೋಗಿ, ಗೋಡೆಯಲ್ಲಿ ಇಳಿಜಾರಿನ ಮಸುಕು ಗೆರೆಗಳು ಉಳಿದವು. ಅವುಗಳ ಮೇಲೆ ಮತ್ತೆ ಕುಂಚ ಮುಟ್ಟಿಸಲಿಲ್ಲ.

ಮನುಷ್ಯನನ್ನು ಬಿಡುವ ತೀರ್ಮಾನಕ್ಕೆ ಹೆಚ್ಚು ಕಾಲ ಹಿಡಿಯಿತು. ಮೊದಲ ಕರಡುಗಳಲ್ಲಿ ಪಿಕ್ಕಾಸು ಹಿಡಿದವನೊಬ್ಬ ಬಾಯಿಯ ಬೆಳಕಿಗೆ ಎದುರಾಗಿ ಕಪ್ಪು ಆಕೃತಿಯಾಗಿ ನಿಂತಿದ್ದ. ಚಿತ್ರವಾಗಿ ಅದು ಚೆನ್ನಾಗಿಯೇ ಇತ್ತು, ಎಲ್ಲರೂ ಮೆಚ್ಚುತ್ತಿದ್ದರು ಕೂಡ. ಆದರೆ ಅವನನ್ನು ನಿಲ್ಲಿಸಿದ ಕೂಡಲೇ ಚಿತ್ರ ಶ್ರಮದ ಮಹಿಮೆಯ ಕಡೆಗೆ ತಿರುಗಿ, ನೋಡುವವನನ್ನು ಸುರಂಗದಿಂದ ಹೊರಗೆ ತಳ್ಳಿ ಪ್ರೇಕ್ಷಕನನ್ನಾಗಿ ಮಾಡುತ್ತಿತ್ತು. ಅವನನ್ನು ತೆಗೆದರೆ ಅಲ್ಲಿ ನಿಲ್ಲುವವನು ನೋಡುವವನೇ. ತೋಡಿದವನ ಗುರುತಾಗಿ ಪಿಕ್ಕಾಸಿನ ಓರೆ ಏಟುಗಳೂ ಮೇಣದಬತ್ತಿಯ ಮಸಿಯೂ ಇದ್ದರೆ ಸಾಕೆನಿಸಿತು. ಆ ಮಸಿಯನ್ನು ಮಾತ್ರ ಒಣ ಕುಂಚದಿಂದ, ಬಹುತೇಕ ನೀರಿಲ್ಲದೆ ಎಳೆದಿದ್ದೇನೆ. ಇಡೀ ಹಾಳೆಯಲ್ಲಿ ನೀರು ಮುಟ್ಟದ ಬಣ್ಣ ಅದೊಂದೇ.

ಈ ಹಂತದಲ್ಲಿ ಚಿತ್ರ ನನ್ನನ್ನು ಕೋರಿಕೆಯ ವಿಷಯದಿಂದ ಬೇರೆ ಕಡೆಗೆ ಎಳೆಯಿತು. ನಾನು ಕರಡು ತೆಗೆದ ಸುರಂಗದ ಮನೆಯವರ ಮಾತು ಹವ್ಯಕ ಕನ್ನಡ. ಅದನ್ನು ತೋಡಿದವರು ತುಳುವರು. ಮಣ್ಣು ಹೊತ್ತವರಲ್ಲಿ ಮಲಯಾಳ ಮಾತಾಡುವವರಿದ್ದರಂತೆ. ಈಗ ತೋಟದಲ್ಲಿ ಅಡಿಕೆ ಖರೀದಿಗೆ ಬರುವವರು ಬ್ಯಾರಿಗಳು, ಪಕ್ಕದ ಜಾಗದವರು ಕರಾಡರು, ಅವರ ಮನೆಯಲ್ಲಿ ಮರಾಠಿ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೇಳಿ ಹೇಳಿ ಸವೆದ ಮಾತು ಈ ಒಂದು ತೂತಿನೊಳಗೆ ಅಕ್ಷರಶಃ ನಿಜವಾಗಿತ್ತು. ಇಂಥ ನೀರನ್ನು ಕನ್ನಡದ ಸಂಕೇತ ಎಂದು ಒಂದೇ ಮನೆಯ ಹೆಸರಿಗೆ ಖಾತೆ ಮಾಡಿಸುವುದು ಹೇಗೆ? ಹಾಗೆಂದು ಅದು ಕನ್ನಡಕ್ಕೆ ಸಂಬಂಧವಿಲ್ಲದ್ದೂ ಅಲ್ಲ; ಇಲ್ಲಿನ ಕನ್ನಡ ಬದುಕಿರುವುದೇ ಈ ಕೂಡುಬಾಳಿನಲ್ಲಿ. ಅಲ್ಲದೆ ಸುರಂಗ ನಮ್ಮ ಇಷ್ಟದ ಅರ್ಥಕ್ಕೆ ಸುಲಭವಾಗಿ ಬಗ್ಗುವುದೂ ಇಲ್ಲ. ತೋಡಿದಲ್ಲೆಲ್ಲ ನೀರು ಸಿಗುವುದಿಲ್ಲ. ಮೇಲಿನ ಗುಡ್ಡೆಯ ಕಾಡು ಕಡಿದರೆ ಕೆಳಗಿನ ಸೆಲೆ ಬತ್ತುತ್ತದೆ. ಕೊಳವೆಬಾವಿಗಳು ಬಂದ ಮೇಲೆ ಹೊಸ ಸುರಂಗ ತೋಡಿಸುವವರು ಕಡಿಮೆಯಾದರು, ಹಳೆಯ ಎಷ್ಟೋ ಸುರಂಗಗಳು ಕುಸಿದು ಮುಚ್ಚಿಹೋದವು. ಈ ವಿವರಗಳು ಹಿಗ್ಗಿನ ಭಾಷಣಕ್ಕೆ ಅಡ್ಡಿ, ಚಿತ್ರಕ್ಕೆ ಆಸ್ತಿ. ನಾವು ಹೇರಿದ ಅರ್ಥಕ್ಕೆ ಇಲ್ಲ ಎನ್ನುವ ಶಕ್ತಿ ವಸ್ತುವಿಗೆ ಇದ್ದಾಗಲೇ ಅದನ್ನು ಸಂಕೇತವೆಂದು ನಂಬಬಹುದು ಎಂಬ ನಿಲುವಿಗೆ ನಾನು ಬಂದದ್ದು ಹೀಗೆ.

ಚಿತ್ರವನ್ನು ಚೌಕಟ್ಟು ಹಾಕಿಸಿ ಕೊಂಡೊಯ್ದ ದಿನ ವಾಚನಾಲಯದ ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಚಂದ ಆಗಿದೆ ಮಾಸ್ಟ್ರೇ. ಆದರೆ ಇದರಲ್ಲಿ ಕನ್ನಡ ಎಲ್ಲಿ ಉಂಟು?" ಎಂದರು. ನ್ಯಾಯವಾದ ಪ್ರಶ್ನೆಯೇ. ನಾನು ಉತ್ತರಿಸುವ ಮೊದಲೇ ಪೇಪರು ಓದುತ್ತಿದ್ದವರೊಬ್ಬರು ಎದ್ದು ಬಂದು, ತಮ್ಮ ಅಜ್ಜನ ಮನೆಯ ಸುರಂಗಕ್ಕೂ ಹೀಗೆಯೇ ಎಡಕ್ಕೆ ಬಾಗು ಇತ್ತು ಎಂದು ಶುರು ಮಾಡಿದರು. ಇನ್ನೊಬ್ಬರದ್ದು ಕುಸಿದ ಕಥೆ, ಮತ್ತೊಬ್ಬರದ್ದು ಪಾಲಾದ ಮೇಲೆ ಅಣ್ಣತಮ್ಮಂದಿರು ಒಂದೇ ಸುರಂಗದ ನೀರಿಗೆ ಹೊತ್ತು ಹಂಚಿಕೊಂಡ ಕಥೆ. ಕಾರ್ಯದರ್ಶಿಗಳ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಚಿತ್ರದ ಕೆಳಗೆ ನಾಲ್ಕು ಸಾಲಿನ ವಿವರಣೆ ಇರಬೇಕು, ಹೊರಗಿನಿಂದ ಬಂದವರಿಗೆ ತಿಳಿಯುವುದು ಬೇಡವೇ ಎಂಬುದು ಅವರ ವಾದ. ಸುರಂಗ, ಜಲವರ್ಣ ಎಂಬ ಎರಡೇ ಪದ ಸಾಕೆಂಬುದು ನನ್ನದು. ಈಗಿನ ಮಟ್ಟಿಗೆ ನನ್ನ ಮಾತು ನಡೆದಿದೆ. ಭಾವಚಿತ್ರಗಳ ನಡುವಿನ ಜಾಗಕ್ಕೆ ಮಧ್ಯಾಹ್ನ ನೇರ ಬಿಸಿಲು ಬೀಳುತ್ತದೆ. ಮಣ್ಣಿನ ಬಣ್ಣಕ್ಕೆ ಬಿಸಿಲಿನ ಭಯವಿಲ್ಲದಿದ್ದರೂ ಕಾಗದಕ್ಕೆ ಇದೆ. ಹಾಗಾಗಿ ಚಿತ್ರ ಪತ್ರಿಕೆಗಳ ಮೇಜಿನ ಪಕ್ಕದ ಒಳಗೋಡೆಗೆ ಹೋಯಿತು. ಆ ಗೋಡೆ ಮಳೆಗಾಲದಲ್ಲಿ ತೇವ ಹಿಡಿಯುವುದರಿಂದ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆಣೆ ಕೊಟ್ಟು ಗಾಳಿಯಾಡುವಂತೆ ಮಾಡಿಸಿದ್ದೇನೆ.

ಸುರಂಗ ತೋಡುವುದರಲ್ಲೇ ಆಯುಷ್ಯ ಕಳೆದ ಹಿರಿಯರೊಬ್ಬರನ್ನು ಬೇಕೆಂದೇ ಕರೆದುಕೊಂಡು ಹೋಗಿ ಚಿತ್ರ ತೋರಿಸಿದೆ, ನಾನು ಹಾಕಿಕೊಂಡ ನಿಯಮಕ್ಕೆ ಪರೀಕ್ಷಕರು ಅವರೇ ಆಗಬೇಕಿತ್ತು. ಅವರು ಸಂಕೇತದ ಗೋಜಿಗೆ ಹೋಗಲಿಲ್ಲ. "ಇದು ಬೇಸಗೆಯ ಸುರಂಗ ಮಾಸ್ಟ್ರೇ. ಆಟಿಯಲ್ಲಿ ಇಷ್ಟು ಸಪೂರ ನೀರು ಬರುವುದುಂಟಾ? ಬಾಯಿ ಮೂಡಕ್ಕೆ ಇರಬೇಕು, ಬೆಳಗ್ಗಿನ ಬೆಳಕು ಇದು" ಎಂದರು. ಎರಡೂ ಸರಿ, ನಾನು ಕರಡು ತೆಗೆದದ್ದು ಬೇಸಗೆಯ ಬೆಳಗ್ಗೆಗಳಲ್ಲಿಯೇ, ಆದರೆ ಸುರಂಗದ ದಿಕ್ಕನ್ನು ಅವರಿಗೆ ಹೇಳಿರಲಿಲ್ಲ. ಮಸಿಯ ಗೂಡನ್ನು ಬೆರಳಿನಿಂದ ತೋರಿಸಿ, ಗಾಜಿಗೆ ತಾಗದಂತೆ ಬೆರಳನ್ನು ಹಿಂದಕ್ಕೆ ತೆಗೆದು, ಗೂಡು ಇನ್ನೊಂದು ಮೊಳ ಕೆಳಗಿದ್ದಿದ್ದರೆ ಕೂತು ಕಡಿಯುವವನಿಗೆ ಬೆಳಕು ಸರಿಯಾಗುತ್ತಿತ್ತು, ಇದನ್ನು ತೋಡಿದವನು ಎತ್ತರದ ಆಳೇ ಇರಬೇಕೆಂದರು. ಆಮೇಲೆ ಬಾಯಾರಿನ ಕಡೆ ತಾವೇ ತೋಡಿದ ಒಂದು ಸುರಂಗದ ಸುದ್ದಿ ಎತ್ತಿದರು. ಅದು ಒಳಗೆ ಕವಲಾಗಿದೆ, ಕವಲಿನ ಹತ್ತಿರ ಮೇಲಿನಿಂದ ಗಾಳಿಗುಂಡಿ ಇಳಿಸಿದ್ದಾರೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅದರಿಂದ ಬಿಸಿಲು ಕಂಬದ ಹಾಗೆ ನೇರ ನೀರಿಗೆ ಬೀಳುತ್ತದಂತೆ. ಮುಂದಿನ ಬೇಸಗೆಯಲ್ಲಿ ಕರೆದುಕೊಂಡು ಹೋಗುತ್ತೇನೆಂದು ಒಪ್ಪಿದ್ದಾರೆ. ಎರಡು ಕಡೆಯಿಂದ ಬೆಳಕು ಬರುವ ಕತ್ತಲೆಯಲ್ಲಿ ಹಾಳೆಯ ಬಿಳಿಯನ್ನು ಎಲ್ಲಿ ಉಳಿಸುವುದು, ಎಲ್ಲಿ ಬಿಟ್ಟುಕೊಡುವುದು ಎಂದು ಈಗಲೇ ಸಣ್ಣ ಸಣ್ಣ ಕರಡುಗಳನ್ನು ಹಾಕುತ್ತಿದ್ದೇನೆ.